ವೀಳ್ಯ ಬಾಯಿಗೆ ಹಾಕಿಕೊಂಡೆ

ಹಾಸ್ಟೆಲಿನಲ್ಲಿ ಉಳಿದಿರುವ ಗೆಳೆಯರೇ, ನಿಮ್ಮ ಓದಿನ ನಡುವೆ ಕಾಡುತ್ತಿದ್ದೇನೆ, ಕ್ಷಮಿಸಿ. ರಜೆಗೆ ಊರಿಗೆ ಬಂದವನು ಇಂದು ಮಧ್ಯಾಹ್ನ ಪಂಚರ ಸಭೆಯಲ್ಲಿ ಸಿಕ್ಕಿಬಿದ್ದಿದ್ದೇನೆ.

ಬರುವ ಸೋಮವಾರ ಗೋಕಾಕದಿಂದ ಅಂಕಲಗಿಯವರೆಗೆ ಮೋಟಾರು ಶರ್ಯತ್ತು, ಕಾರುಗಳ ಓಟದ ಪಂದ್ಯ. ನಮ್ಮ ಗೋಕಾಕದ್ದೊಂದು ಕಾರು, ಮೂಡಲಗಿಯದೊಂದು. ಹೋದ ವರ್ಷ ಜನ ಬರೀ ಧೂಳು ನೋಡಿ, ಯಾವ ಕಾರು ಮುಂದೆಂದು ತಿಳಿಯದೆ ಬೈದುಕೊಂಡು ಮನೆಗೆ ಹೋಗಿದ್ದರಂತೆ.

"ಎತ್ತಿನ ಶರ್ಯತ್ತಿನ್ಯಾಗ ಯಾರ ಜೋಡಿ ಮುಂದ ಅನ್ನೂದರ ಕಾಣತೈತಿ. ನೀ ಕಾಲೇಜ ಕಲಿಯಾಂವ, ಏನರ ಹೇಳೋ ತಮ್ಮಾ," ಎಂದರು ಪಂಚರ ಹಿರಿಯರಾದ ನನ್ನ ಕಾಕಾ.

ನಾನು ಜಾಣತನ ತೋರಿಸಿದೆ. "ಕಾಕಾ, ಕಾರಿನ ಫುಟ್‌ಬೋರ್ಡ್ ಮ್ಯಾಲ ಆಯಾ ಊರಾಂವ ಒಬ್ಬ ನಿಂತು ಬಾವುಟ ಬೀಸ್ಲಿ. ಧೂಳದಾಗೂ ಗೊತ್ತಾಗತೈತಿ."

ಎಲ್ಲರೂ ಭಲೇ ಎಂದರು. ಕಾಕಾ ತಟ್ಟೆಯಿಂದ ವೀಳ್ಯ ಎತ್ತಿ ಸುತ್ತಲೂ ಹಿಡಿದರು. ಯಾರೂ ಮುಟ್ಟಲಿಲ್ಲ. ಹಿರಿಯರ ಕೈಯನ್ನು ಹಾಗೇ ಬಿಡುವುದು ಮ್ಯಾನರ್ಸ್ ಅಲ್ಲವೆಂದು ನಾನೇ ತೆಗೆದುಕೊಂಡು ಅಗಿಯತೊಡಗಿದೆ.

ಚಪ್ಪಾಳೆ ಬಿತ್ತು. "ವೀಳ್ಯ ಹಿಡದಾಂವನ ನಿಲ್ಲಬೇಕು! ನಮ್ಮ ಹುಡುಗನ ಎದಿ ನೋಡ್ರಿ!" ಎಂದ ಕಾಕಾನ ಕಣ್ಣಲ್ಲಿ ನೀರು.

ವೀಳ್ಯ ತೆಗೆದುಕೊಂಡವನು ಕೆಲಸ ಒಪ್ಪಿಕೊಂಡಂತೆ ಎಂಬುದನ್ನು ಹಾಸ್ಟೆಲಿನ ಹತ್ತು ವರ್ಷಗಳಲ್ಲಿ ನನಗೆ ಯಾರೂ ಕಲಿಸಲಿಲ್ಲ.

ನಮ್ಮೂರ ಕಾರು ಓಡಿಸುವ ರುದ್ರಪ್ಪನನ್ನು ಮೆಲ್ಲಗೆ ಕೇಳಿದೆ: "ತಿರುವಿನ್ಯಾಗ ಏನ ಹಿಡಕೊಳ್ಳಲಿ?"

"ಎರಡೂ ಕೈಲೆ ಬಾವುಟ ಹಿಡಕೋರಿ, ಸಣ್ಣ ಧಣ್ಯಾರ," ಎಂದ.

ಉಗುಳಿದರೆ ಕಾಕಾನ ಮಾನ ಹೋಗುತ್ತದೆ, ನುಂಗಿದರೆ ನನ್ನ ಪ್ರಾಣ. ವಾರ್ಡನ್ನರು ಕೂಡಲೇ ಕರೆದಿದ್ದಾರೆಂದು ಯಾರಾದರೂ ತಂತಿ ಕೊಡುವಿರಾ? ಸೋಮವಾರದೊಳಗೆ ಉತ್ತರಿಸಿ.