ಲಾಂಗ್ರಿಗೆ ಬಂದ ಆರ್ಡರುಗಳು

ಅವರ ಬಲಗೈ ಹೆಬ್ಬೆರಳಿನಲ್ಲಿ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧ ಪಟ್ಟಾಳದ, ಅಂದರೆ ಸೈನ್ಯದ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವಾಗ ಹೋದದ್ದಂತೆ, ಮತ್ತೆ ಬೆಳೆಯಲೇ ಇಲ್ಲ. ಆ ಅರ್ಧ ಉಗುರಿನ ಓರೆ ಅಂಚಿನಿಂದಲೇ ಅವರು ತಮ್ಮ ಪುಟ್ಟ ಸೈನಿಕ ಬೊಂಬೆಗಳ ಮೂಗು ತಿದ್ದುತ್ತಿದ್ದರು. ಬೆರಳುದ್ದದ ಸೈನಿಕನ ಮುಖ ಕಡಲೆಕಾಳಿಗಿಂತ ದೊಡ್ಡದಿರುವುದಿಲ್ಲ. ಕನ್ನಡಕದ ಮುಂದೆ ಭೂತಗನ್ನಡಿ ಕಟ್ಟಿಕೊಂಡು, ಉಸಿರು ಹಿಡಿದು, ಉಗುರನ್ನು ಒಮ್ಮೆ ಒತ್ತಿ ತೆಗೆದರೆಂದರೆ ಅಲ್ಲೊಂದು ಮೂಗು ಎದ್ದು ನಿಂತಿರುತ್ತಿತ್ತು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟು, "ಇವನಿಗೆ ಇನ್ನು ಶೀತ ಆಗ್ಲಿಕ್ಕೆ ತೊಂದರೆ ಇಲ್ಲ" ಎನ್ನುತ್ತಿದ್ದರು.

ಅವರು ನಮ್ಮ ಮನೆಯ ಓನರು. ನಾನು ನೆರಿಯ ಎಂಬ ಹಳ್ಳಿಯವಳು, ಮೂಡುಬಿದಿರೆಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕೆಲಸ ಸಿಕ್ಕಿ ಬಂದಾಗ ಅವರ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಅವರು ಮಾಣಿ ಎಂಬ ಊರಿನ ಕಡೆಯವರು, ಪಟ್ಟಾಳದಿಂದ ನಿವೃತ್ತರಾಗಿ ಹೆಂಡತಿಯೊಂದಿಗೆ ಇಲ್ಲಿ ನೆಲೆಸಿದ್ದರು. ಬೀದಿಯವರ ಕಣ್ಣಿಗೆ ಅವರು ಗಡಿಯಲ್ಲಿ ಗುಂಡು ಹಾರಿಸಿದ ವೀರರು. ಅವರು ಮಾತ್ರ, "ನಾನು ಲಾಂಗ್ರಿ ಮಾರಾಯ್ರೆ, ಅಡುಗೆಯವ. ಬಂದೂಕಿಗಿಂತ ಸೌಟು ಹಿಡಿದದ್ದೇ ಹೆಚ್ಚು" ಎಂದು ಸಿಕ್ಕಿದವರನ್ನೆಲ್ಲ ತಿದ್ದುತ್ತಿದ್ದರು. ಪಟ್ಟಾಳದಲ್ಲಿ ಅಡುಗೆಯವನನ್ನು ಲಾಂಗ್ರಿ ಎನ್ನುತ್ತಾರಂತೆ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ವಿನಯಕ್ಕೆ ಹೇಳುತ್ತಾರೆ ಎಂದುಕೊಂಡು ಇನ್ನಷ್ಟು ಬಗ್ಗಿ ನಮಸ್ಕಾರ ಮಾಡುತ್ತಿದ್ದರು.

ಅವರ ಕೆಲಸದ ಕ್ರಮ ಹೀಗಿತ್ತು. ಪೈಪಿನ ಸೋರಿಕೆಗೆ ಮೆತ್ತುವ ಪುಟ್ಟಿಯಲ್ಲಿ ಮೊದಲು ಒಂದು ಮಾದರಿ. ಅದರ ಫೋಟೋ ಫೋನಿನ ಗ್ರೂಪಿಗೆ. ಗ್ರೂಪಿನಲ್ಲಿ ಪುಣೆ, ದೆಹಲಿಯಿಂದ ಹಿಡಿದು ಇಂಗ್ಲೆಂಡಿನವರೆಗೆ ಇಂಥ ಸೈನಿಕರನ್ನು ಕೂಡಿಡುವ ಹುಚ್ಚಿನವರು. ಮೂವತ್ತು ಜನ ಮುಂಗಡ ಆರ್ಡರು ಕೊಟ್ಟರೆ ರಬ್ಬರಿನ ಅಚ್ಚು ತಯಾರಾಗುತ್ತಿತ್ತು. ಬಂಟ್ವಾಳ ಪೇಟೆಯಿಂದ ತಂದ, ಪಾತ್ರೆಗೆ ಕಲಾಯಿ ಹಾಕುವ ತವರವನ್ನು ಕರಗಿಸಿ ಎರೆಯುತ್ತಿದ್ದರು. ಮೂವತ್ತು ಆಗದಿದ್ದರೆ ಅಚ್ಚೂ ಇಲ್ಲ, ಎರಕವೂ ಇಲ್ಲ, ಆ ಮಾದರಿ ಚಾವಡಿಯ ಗಾಜಿನ ಕಪಾಟಿಗೆ. ಇಂಗ್ಲಿಷಿನಲ್ಲಿ ಬರೆಯುವ ಕೆಲಸ ನನ್ನದಾದ್ದರಿಂದ ನನ್ನನ್ನೂ ಗ್ರೂಪಿಗೆ ಸೇರಿಸಿದ್ದರು. ಇಪ್ಪತ್ತೈದಾದರೂ ಮಾಡಬಾರದೇ ಎಂದು ಒಮ್ಮೆ ಕೇಳಿದ್ದೆ.

"ಮೆಸ್ಸಿನ ಕ್ರಮ ಟೀಚರೇ. ಎಷ್ಟು ಜನ ಊಟಕ್ಕುಂಟು ಅಂತ ಗೊತ್ತಾಗದೆ ಅಕ್ಕಿ ತೊಳೀಲಿಕ್ಕಿಲ್ಲ" ಎಂದರು.

ಈ ಕ್ರಮದಲ್ಲಿ ಪಾಸಾಗದೆ ಉಳಿದವನು ಅವರ ಲಾಂಗ್ರಿ. ಕಿವಿ ಮುಚ್ಚುವ ಟೊಪ್ಪಿ ಹಾಕಿ, ದೊಡ್ಡ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಹೊಗೆಗೆ ಒಂದು ಕಣ್ಣು ಮುಚ್ಚಿಕೊಂಡು ಸೌಟು ತಿರುಗಿಸುವ ಸೈನಿಕ. ಅವರು ಮಾಡಿದ್ದರಲ್ಲೆಲ್ಲ ಅದೇ ಚಂದದ್ದು. ಇದು ಬರೀ ನನ್ನ ಮೆಚ್ಚುಗೆಯಲ್ಲ, ಅವರ ಬೆರಳೂ ಹಾಗೇ ಹೇಳುತ್ತಿತ್ತು: ಬೇರೆ ಸೈನಿಕರನ್ನು ಬಟ್ಟೆಯಿಂದ ಒರೆಸಿದರೆ ಇವನನ್ನು ಮಾತ್ರ ಊದಿ ಧೂಳು ತೆಗೆಯುತ್ತಿದ್ದರು. ವರ್ಷಕ್ಕೊಮ್ಮೆ ಅವನ ಫೋಟೋ ಗ್ರೂಪಿಗೆ ಹೋಗುತ್ತಿತ್ತು, ಕಮಾಂಡೋಗಳಿಗೆ ಮುಗಿಬೀಳುವವರಿಂದ ಬೆರಳೆಣಿಕೆಯ ಆರ್ಡರು ಬರುತ್ತಿತ್ತು. ಒಬ್ಬ ಮಹಾಶಯ, ಇವನ ಕೈಯಲ್ಲಿ ಆಯುಧವೇ ಇಲ್ಲವಲ್ಲ ಎಂದು ಬರೆದ. ನಾನು ಓದಿ ಹೇಳಿದಾಗ ಅವರ ಮುಖ ಸಣ್ಣದಾಯಿತು.

"ಹಾಗಾದ್ರೆ ಇವರ ಕಮಾಂಡೋಗಳೆಲ್ಲ ಉಪವಾಸ ಕೂತೇ ಯುದ್ಧ ಮಾಡುವುದಾ?"

ಯಾರೂ ಕೇಳದಿದ್ದರೂ ಸರಿ, ನಿಮ್ಮ ಸಂತೋಷಕ್ಕೆ ಎರಕ ಹೊಯ್ಯಿರಿ ಎಂದರೆ ಒಪ್ಪಲಿಲ್ಲ. ಕೇಳದವರ ಬಟ್ಟಲಿಗೆ ಬಡಿಸುವ ಅಭ್ಯಾಸ ತನಗಿಲ್ಲ ಎಂದರು. ಆದರೆ ನನಗೆ ಕೇಳದೆಯೇ ಬಡಿಸಿದ್ದಾರೆ. ಜ್ವರ ಬಂದು ನಾನು ಮಲಗಿದ್ದಾಗ ಕುಚ್ಚಲಕ್ಕಿ ಗಂಜಿ, ಸುಟ್ಟ ಮೆಣಸಿನ ಚಟ್ನಿ ಹಿಡಿದು ಮೆಟ್ಟಿಲು ಹತ್ತಿ ಬಂದು, ತಿಂದು ಮುಗಿಯುವವರೆಗೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ಉಣ್ಣುವವರ ಮುಖ ನೋಡದಿದ್ದರೆ ಉಪ್ಪು ಸರಿಯಾಯಿತೇ ಎಂದು ಹೇಗೆ ಗೊತ್ತಾಗುವುದು ಎಂಬುದು ಅವರ ವಾದ. ಹಡೆದವರೂ ನನ್ನನ್ನು ಹಾಗೆ ಕಾದು ಕೂತದ್ದು ನೆನಪಿಲ್ಲ.

ಒಂದು ದಿನ ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಫೋನು ತೆರೆದೆ. ಗ್ರೂಪಿನಲ್ಲಿ ಓಂ ಶಾಂತಿ. ಕೆಳಗೆ ಮತ್ತೊಂದು ಓಂ ಶಾಂತಿ. ಕೈಮುಗಿದ ಚಿತ್ರಗಳು. ಮಹಾನ್ ಕಲಾವಿದನನ್ನು ಕಳೆದುಕೊಂಡೆವು, ಅವರ ಆತ್ಮಕ್ಕೆ ಸದ್ಗತಿ ಸಿಗಲಿ, ನಮ್ಮ ಓನರ ಹೆಸರು ಹಿಡಿದೇ ಬರೆದಿದ್ದಾರೆ! ಬೆಳಿಗ್ಗೆ ನಳ್ಳಿಯ ಹತ್ತಿರ ಹಲ್ಲುಜ್ಜುತ್ತಾ ನನಗೆ ಕೈ ಬೀಸಿದ ಮನುಷ್ಯ. ಫೋನು ಮಾಡಿದೆ, ಎತ್ತಲಿಲ್ಲ. ಅವರ ಹೆಂಡತಿ, ನಮ್ಮ ಆಂಟಿ, ಬೆಳ್ತಂಗಡಿಯ ತಂಗಿಮನೆಗೆ ಹೋಗಿದ್ದರು, ಹಾಗಾದರೆ ಒಬ್ಬರೇ ಇದ್ದಾಗ ಆಗಿದೆ. ಬುತ್ತಿ ಅಲ್ಲೇ ಬಿಟ್ಟು, ಯಾರಿಗೋ ಏನೋ ಹೇಳಿ, ರಿಕ್ಷಾ ಹತ್ತಿದೆ. ದಾರಿಯುದ್ದಕ್ಕೂ ಗಟ್ಟಿಯಾಗಿ ಅತ್ತೆ.

ಗೇಟು ತೆರೆದರೆ, ಜಗಲಿಯಲ್ಲಿ ಬನಿಯನ್ ಹಾಕಿ, ಹೆಗಲಲ್ಲಿ ಮೈ ಒರೆಸುವ ಬೈರಾಸು ಇಳಿಬಿಟ್ಟು, ತೀರಿಹೋದವರು ಕೂತು ಸೈನಿಕನೊಬ್ಬನ ಬೂಟಿಗೆ ಕಪ್ಪು ಬಣ್ಣ ಹಚ್ಚುತ್ತಿದ್ದಾರೆ.

"ಎಂಥ ಟೀಚರೇ, ಶಾಲೆಗೆ ರಜೆಯಾ?"

ಮೆಟ್ಟಿಲ ಮೇಲೆ ಕುಸಿದು, ಅತ್ತದ್ದಕ್ಕೆ ನಾಚಿಕೆಯೂ ಆಗಿ, ಸಿಟ್ಟೂ ಬಂದು, "ನೀವು ಸತ್ತಿದ್ದೀರಂತೆ!" ಎಂದು ಕಿರುಚಿದೆ. ಅವರು ಕುಂಚ ಕೆಳಗಿಟ್ಟು ತಮ್ಮ ಎದೆ ಮುಟ್ಟಿ ನೋಡಿಕೊಂಡರು, ನಿಜವಾಗಿ ಮುಟ್ಟಿ ನೋಡಿಕೊಂಡರು! ಆಮೇಲೆ ನನ್ನನ್ನು ಒಳಗೆ ಕರೆದು ಅನ್ನ ಸಾರು ಬಡಿಸಿದರು. "ಹಸಿದ ಹೊಟ್ಟೆಯಲ್ಲಿ ಅಳ್ಳಿಕ್ಕಿಲ್ಲ. ಮೊದಲು ಊಟ ಮಾಡಿ. ನಾನು ಸತ್ತದ್ದು ಹೇಗೆ ಅಂತ ಮತ್ತೆ ನೋಡುವ."

ನೋಡಿದೆವು. ಬೀದಿಯ ಯುವಕ ಮಂಡಲದವರು ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಆಮಂತ್ರಣದಲ್ಲಿ ಅವರ ಸಮವಸ್ತ್ರದ ಹಳೆಯ ಕಪ್ಪುಬಿಳುಪು ಫೋಟೋ, ಸುತ್ತ ಹೂವಿನ ಹಾರ, ಎರಡು ಬದಿಯಲ್ಲಿ ಉರಿಯುವ ದೀಪ, ಕೆಳಗೆ ಮುಗಿದ ಕೈ. ಅದನ್ನು ಬೆಳಿಗ್ಗೆ ಅವರೇ ಹೆಮ್ಮೆಯಿಂದ ಗ್ರೂಪಿಗೆ ಹಾಕಿ, ಫೋನನ್ನು ಚಾರ್ಜಿಗಿಟ್ಟು ಕೆಲಸಕ್ಕೆ ಕೂತಿದ್ದಾರೆ. ಅಕ್ಷರವೆಲ್ಲ ಕನ್ನಡ. ಪುಣೆಯವರಿಗೆ, ಇಂಗ್ಲೆಂಡಿನವರಿಗೆ ಕಂಡದ್ದು ಹಾರ ಮತ್ತು ದೀಪ ಮಾತ್ರ. ಒಬ್ಬರು ಶಾಂತಿ ಕೋರಿದರು, ಉಳಿದವರು ಸಾಲು ಹಿಡಿದರು.

ನಿಜವಾದ ಆಘಾತ ಇದ್ದದ್ದು ಅದರ ಕೆಳಗೆ. ಅವರ ನೆನಪಿಗೆ ಆ ಅಡುಗೆಯವನನ್ನು ಮಾಡಿಸೋಣ ಎಂದು ಯಾರೋ ಬರೆದಿದ್ದರು. ನನಗೊಂದು, ನನಗೆರಡು ಎಂದು ಆರ್ಡರು ಸುರಿದಿತ್ತು. ಆಯುಧ ಹುಡುಕಿದ್ದ ಮಹಾಶಯನೂ ಒಂದು ಕೇಳಿದ್ದ. ನಾವು ನೋಡುತ್ತಿದ್ದಂತೆಯೇ ಮೂವತ್ತು ದಾಟಿತು. ಅವರು ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ಒರಗಿದರು. ಅಷ್ಟು ಬಿಳಿಚಿಕೊಂಡ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಂಜೆ ಬಂದ ಆಂಟಿ ವಿಷಯ ಕೇಳಿ ಮೊದಲು ಅತ್ತು, ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡು, "ಒಂದು ತಿಂಗಳು ಸತ್ತವರ ಹಾಗೆ ಸುಮ್ಮನೆ ಕೂತ್ಕೊಳ್ಳಿ. ಲಾಂಗ್ರಿ ಮಾಡಿ ಮುಗಿಸುವ, ಮತ್ತೆ ಹೇಳಿದ್ರಾಯ್ತು" ಎಂದರು. ನನಗೂ ಅದೇ ಸರಿ ಅನಿಸಿತ್ತು. ಅವರು ಒಪ್ಪಲಿಲ್ಲ. ನನ್ನ ಕೈಯಲ್ಲಿ ಬರೆಸಿದರು: ನಾನು ಬದುಕಿದ್ದೇನೆ, ಅದು ಸನ್ಮಾನದ ಕಾಗದ. ಲಾಂಗ್ರಿ ಈಗಲೂ ಬೇಕಾದವರು ಇನ್ನೊಮ್ಮೆ ಹೇಳಿ.

ಎಲ್ಲರಿಗೂ ಸಂತೋಷವೋ ಸಂತೋಷ. ದೇವರು ದೊಡ್ಡವನು ಎಂದರು, ನಗುವ ಮುಖಗಳನ್ನು ಕಳಿಸಿದರು, ಅದೇ ಉಸಿರಿನಲ್ಲಿ ಆರ್ಡರು ಹಿಂದೆ ತೆಗೆದುಕೊಂಡರು. ಹಾಗಾದರೆ ನನಗೆ ಅಡುಗೆಯವನು ಬೇಡ ಸರ್, ಮುಂದಿನ ಕಮಾಂಡೋಗೆ ಹಾಕಿ ಎಂದು ಒಬ್ಬ ಬರೆದ. ಓದಿ ಹೇಳುವ ನನಗೆ ಮೈ ಉರಿಯಿತು. ಎರಡೇ ದಿನದಲ್ಲಿ ಎಣಿಕೆ ಮತ್ತೆ ಬೆರಳಿಗೆ ಇಳಿಯಿತು. ಅವರು ಲಾಂಗ್ರಿಯನ್ನು ಊದಿ, ಕಪಾಟಿನಲ್ಲಿಟ್ಟು, ಕಮಾಂಡೋಗೆ ಪುಟ್ಟಿ ನಾದಲು ಕೂತರು.

ಬಹಳ ಸಮಯದ ಮೇಲೆ ಒಮ್ಮೆ, ಅವರ ಹೃದಯದ ತೊಂದರೆ ಶುರುವಾದ ದಿನಗಳಲ್ಲಿ, ತಾವಾಗಿಯೇ ಹೇಳಿದರು.

"ಟೀಚರೇ, ಇನ್ನು ನಾನು ನಿಜಕ್ಕೂ ಹೋದ್ರೆ ಗ್ರೂಪಿಗೆ ಹಾಕ್ಲಿಕ್ಕಿಲ್ಲ ಆಯ್ತಾ. ಹಾಕಿದ್ರೆ ಪುನಃ ಲಾಂಗ್ರಿಯನ್ನು ಕೇಳ್ತಾರೆ."

"ಕೇಳಿದ್ರೆ ಒಳ್ಳೇದಲ್ವಾ ಅಂಕಲ್?"

"ಬೇಡ. ನನ್ನ ಲಾಂಗ್ರಿ ಬೊಜ್ಜದ ಊಟ ಬಡಿಸುವುದು ಬೇಡ."

ಬೊಜ್ಜವೆಂದರೆ ನಮ್ಮಲ್ಲಿ ಸತ್ತವರ ಉತ್ತರಕ್ರಿಯೆ. ನಾನು ಆಯಿತು ಎಂದೆ. ಮಳೆಗಾಲ ಮುಗಿಯುವ ಮೊದಲೇ ಅವರು ಹೋದರು. ಈ ಸಲ ಫೋನು ಹೇಳಲಿಲ್ಲ. ಕೆಳಗಿನಿಂದ ಆಂಟಿ ಕೂಗಿದ ಕೂಗು ಹೇಳಿತು. ಇಳಿದು ಹೋದಾಗ ಜಗಲಿಯ ಕುರ್ಚಿಯಲ್ಲೇ ಇದ್ದರು. ಒಮ್ಮೆ ಅತ್ತು ಮುಗಿಸಿದ್ದೇನೆ, ಇನ್ನು ಅಷ್ಟು ಕಷ್ಟವಾಗದು ಎಂದುಕೊಂಡಿದ್ದ ನನ್ನ ದಡ್ಡತನಕ್ಕೆ ಏನನ್ನಲಿ. ಅವರ ಕೈ ಹಿಡಿದುಕೊಂಡು ಕೂತೇ ಇದ್ದೆ, ಬೇರೆಯವರು ಬಂದು ಎಬ್ಬಿಸಬೇಕಾಯಿತು.

ಬೊಜ್ಜ ಕಳೆದ ಮೇಲೆ ಆಂಟಿ ಅವರ ಫೋನು ಹಿಡಿದು ಮಹಡಿಗೆ ಬಂದರು. "ಹಾಕಿ ಟೀಚರೇ. ಎರಕ ಹೊಯ್ಲಿಕ್ಕೆ ನನಗೂ ಬರ್ತದೆ. ಅವರಿಗೆ ಇದ್ದ ಆಸೆ ಅದೊಂದೇ." ನಾನು ಒಂದೊಂದೇ ಅಕ್ಷರ ಒತ್ತಿ ಸುದ್ದಿ ಬರೆದೆ. ಬರೆದು, ಅಳಿಸಿದೆ. ಕೊಟ್ಟ ಮಾತನ್ನು ಹೇಳಿದಾಗ ಆಂಟಿ, "ನಿಮಗೆ ಅವರ ಮಾತು ದೊಡ್ಡದು, ನನಗೆ ಅವರು" ಎಂದು ಫೋನನ್ನು ನನ್ನ ಮೇಜಿನ ಮೇಲೆ ಇಟ್ಟು ಇಳಿದುಹೋದರು. ತುಂಬ ದಿನ ನನ್ನೊಡನೆ ಮಾತಾಡಲಿಲ್ಲ. ಆಂಟಿಯದ್ದು ತಪ್ಪೆಂದು ನನಗೆ ಇಂದಿಗೂ ಅನಿಸಿಲ್ಲ.

ಹೀಗೆ ಗ್ರೂಪಿನಲ್ಲಿ ನಮ್ಮ ಓನರು ಇನ್ನೂ ಇದ್ದಾರೆ. ಕೈ ಸರಿಯಿಲ್ಲ, ಸದ್ಯ ಕೆಲಸ ನಿಲ್ಲಿಸಿದ್ದೇನೆ ಎಂದು ಅವರ ಫೋನಿನಿಂದ ನಾನೇ ಬರೆದಿದ್ದೇನೆ. ಕಳೆದ ವಾರ ಅವರ ಹುಟ್ಟುಹಬ್ಬ. ನೂರು ವರ್ಷ ಬಾಳಿ ಎಂದು ಒಬ್ಬರು ಹಾಕಿದರು. ಕೆಳಗೆ ಉಳಿದವರೂ ಸಾಲಾಗಿ ನೂರು ವರ್ಷ, ನೂರು ವರ್ಷ. ಥ್ಯಾಂಕ್ಸ್ ಎಂದು ಬರೆದು, ಫೋನು ಹಿಡಿದುಕೊಂಡು ಬಹಳ ಹೊತ್ತು ಕಾದೆ. ಲಾಂಗ್ರಿಯನ್ನು ಒಬ್ಬರೂ ಕೇಳಲಿಲ್ಲ.