ವೀರಭದ್ರಮ್ಮನ ಬೆನ್ನುಚೀಲ

ಐವತ್ನಾಲ್ಕನೆಯ ವಯಸ್ಸಿನಲ್ಲಿ ಹಿಮಾಲಯ ಹತ್ತುತ್ತೇನೆಂದು ಸಿರುಗುಪ್ಪದ ವೀರಭದ್ರಮ್ಮ ಹೇಳಿದಾಗ ಗಂಡ ಕೊಟ್ಟೂರಪ್ಪ ನಗಲಿಲ್ಲ. ಗೊಬ್ಬರದಂಗಡಿಗೆ ಹೊರಟಿದ್ದವರು ಚಪ್ಪಲಿ ಮೆಟ್ಟುತ್ತಾ, "ಮೊದ್ಲು ಕುರುಗೋಡು ಗುಡ್ಡ ಹತ್ತು. ಆಮ್ಯಾಲೆ ನೋಡಾಣ" ಎಂದರು.

ವೀರಭದ್ರಮ್ಮ ಮೊದಲು ಚೀಲ ತಂದರು. ಬಳ್ಳಾರಿಯ ಅಂಗಡಿಯಲ್ಲಿದ್ದುದರಲ್ಲೇ ದೊಡ್ಡದು, ಎಪ್ಪತ್ತು ಲೀಟರಿನದು. ಚೀಲವನ್ನು ಲೀಟರಿನಲ್ಲಿ ಯಾಕೆ ಅಳೆಯುತ್ತಾರೆಂದು ಕೇಳಲು ಸಂಕೋಚವಾಯಿತು.

ಚಾರಣದ ಗುಂಪನ್ನು ನಡೆಸುತ್ತಿದ್ದವಳು ಬಾದನಹಟ್ಟಿಯ ಅನಿತಾ, ಶಾಲೆಯೊಂದರಲ್ಲಿ ಆಟದ ಟೀಚರ್. ಹಿಮಾಲಯಕ್ಕೆ ತುಂಬುವ ಹಾಗೆಯೇ ಚೀಲ ತುಂಬಿಕೊಂಡು ಕುರುಗೋಡು ಗುಡ್ಡಕ್ಕೆ ಬರಬೇಕೆಂದು ಎಲ್ಲರಿಗೂ ಹೇಳಿದ್ದಳು. ಅರ್ಧ ಏರುವಷ್ಟರಲ್ಲಿ ವೀರಭದ್ರಮ್ಮನನ್ನು ಯಾರೋ ಹಿಂದಿನಿಂದ ಜಗ್ಗಿದಂತಾಯಿತು. ಆಯ ತಪ್ಪಿ ಬಂಡೆಯ ಮೇಲೆ ಕುಕ್ಕರಿಸಿ ಜಾರಿದರು. ಮೊಣಕೈ ತರಚಿತು.

ಅನಿತಾ ಚೀಲ ಬಿಚ್ಚಿದಳು. ಬೆನ್ನಿನಿಂದ ದೂರದ ಹೊರಜೇಬಿನಲ್ಲಿ ನೀರಿನ ಕ್ಯಾನು, ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಚಟ್ನಿ. ಒಳಗೆ ಚಾದರ, ಎರಡು ಸೀರೆ.

"ಅಕ್ಕಾ, ಈ ಸೀರಿ ಯಾರಿಗೆ ತೋರ್ಸಾಕ?"

"ಗೊತ್ತಿಲ್ಲವಾ. ಜಾಗ ಇತ್ತು, ಹಾಕೀನಿ."

"ಅದಕ್ಕಾ ದೊಡ್ಡ ಚೀಲ ಬ್ಯಾಡ ಅಂತೀನಿ. ಜಾಗ ಇದ್ರ ಮನೀನಾ ಹೊತ್ಕೊಂಡು ಬರ್ತೀವಿ."

ಲೀಟರ್ ಎಂದರೆ ಚೀಲದೊಳಗಿನ ಜಾಗ; ಒಂದು ದಿನದ ನಡಿಗೆಗೆ ಇಪ್ಪತ್ತೈದು ಸಾಕು, ರಾತ್ರಿ ತಂಗುವವರಿಗೆ ಐವತ್ತರ ಒಳಗಿನದು. ಎಪ್ಪತ್ತು ಲೀಟರಿನದು ಡೇರೆ, ಪಾತ್ರೆ ಎಲ್ಲ ತಾವೇ ಹೊರುವವರಿಗೆ ಎಂದು ಅನಿತಾ ತಿಳಿಸಿದಳು. ತನ್ನ ಚಿಕ್ಕ ಚೀಲದಲ್ಲಿ ಅವರ ಸಾಮಾನನ್ನು ಹೊಸದಾಗಿ ಜೋಡಿಸಿದಳು. ಹಗುರವಾದದ್ದು ತಳಕ್ಕೆ, ಭಾರವಾದದ್ದು ನಡುವೆ ಬೆನ್ನಿಗೆ ಒತ್ತಿ, ಮಳೆಕೋಟು ಎಲ್ಲಕ್ಕಿಂತ ಮೇಲೆ. ಸೊಂಟದ ಪಟ್ಟಿ ಬಿಗಿದಾಗ ಭಾರ ಹೆಗಲಿನಿಂದ ಕೆಳಗಿಳಿಯಿತು.

"ಕೂಸಿನ್ನ ನಡದ ಮ್ಯಾಲೆ ಕುಂದ್ರಿಸ್ಕೊಂಡಂಗೈತಿ," ಎಂದರು ವೀರಭದ್ರಮ್ಮ.

ಆ ಚೀಲವನ್ನೇ ಎರವಲು ಪಡೆದು ಹಿಮಾಲಯಕ್ಕೆ ಹೋದರು. ಎರಡು ಶಿಖರಗಳ ನಡುವೆ ಅವರು ದಾಟಬೇಕಿದ್ದ ಎತ್ತರದ ಕಣಿವೆಯ ತುದಿ ಇನ್ನೊಂದೇ ದಿಬ್ಬದಾಚೆ ಇರುವಾಗ ಆಲಿಕಲ್ಲು ಸುರಿಯಿತು. ಗುಂಪಿನಲ್ಲಿದ್ದ ಹುಲುಗೇಶ್, ಬ್ಯಾಂಕಿನ ನೌಕರ, ಮಳೆಕೋಟನ್ನು ಚೀಲದ ತಳದಲ್ಲಿಟ್ಟಿದ್ದ. ಅದನ್ನು ಹುಡುಕುವಷ್ಟರಲ್ಲಿ ಅವನೂ ತೊಯ್ದ, ಚೀಲದಲ್ಲಿದ್ದ ಬಟ್ಟೆಗಳೂ ತೊಯ್ದವು. ತುಟಿ ನೀಲಿಯಾಗಿ ಮಾತು ತೊದಲತೊಡಗಿತು. ವೀರಭದ್ರಮ್ಮ ತಮ್ಮ ಒಣ ಸ್ವೆಟರ್ ತೊಡಿಸಿದರು. ಅನಿತಾ ಉಳಿದವರನ್ನು ಮುಂದೆ ನಡೆಸಬೇಕಿದ್ದುದರಿಂದ, ಅವನನ್ನು ಕೆಳಗೆ ಕರೆದೊಯ್ಯಲು ಸ್ಥಳೀಯ ಮಾರ್ಗದರ್ಶಿಯ ಜೊತೆ ಇನ್ನೊಬ್ಬರು ಬೇಕಿತ್ತು. ಎಲ್ಲರ ಕಣ್ಣೂ ದಿಬ್ಬದ ಮೇಲಿತ್ತು.

"ಇವನ ಜೋಡಿ ನಾ ಹೊಕ್ಕೀನಿ, ನೀವು ನಡೀರಿ," ಎಂದರು ವೀರಭದ್ರಮ್ಮ.

ಇಳಿಯುವಾಗ ಎರಡು ಸಲ ಹಿಂತಿರುಗಿ ನೋಡಿದರು. ಮಂಜಿನಲ್ಲಿ ಏನೂ ಕಾಣಲಿಲ್ಲ. ಶಿಬಿರದಲ್ಲಿ ಹುಲುಗೇಶ್ ಚಹಾ ಕುಡಿದು ಚೇತರಿಸಿಕೊಂಡ ಮೇಲೆ ವೀರಭದ್ರಮ್ಮ ಡೇರೆಯೊಳಗೆ ಹೋಗಿ ಅತ್ತರು.

"ಮ್ಯಾಲೆ ಏನಿತ್ತು?" ಊರಿಗೆ ಬಂದಾಗ ಕೊಟ್ಟೂರಪ್ಪ ಕೇಳಿದರು.

"ನಾ ನೋಡಿಲ್ರಿ."

ಮರುವರ್ಷ ವೀರಭದ್ರಮ್ಮ ಇನ್ನೊಂದು ಗುಂಪಿನೊಂದಿಗೆ ಹೋಗಿ ಅದೇ ಕಣಿವೆ ದಾಟಿದರು. ಮೇಲೆ ಏನಿತ್ತೆಂದು ಕೇಳಿದವರಿಗೆ, ಗಾಳಿ ವಿಪರೀತವಿತ್ತು, ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ ಎಂದಷ್ಟೇ ಹೇಳುತ್ತಾರೆ.