ಫೋಟೊದಲ್ಲಿ ಉಳಿದ ಕೈ

ಪುಣೆಯ ನನ್ನ ಹಳೆಯ ಕಾಲೇಜಿನಿಂದ ಒಂದು ಕಾಗದ ಬಂದಿದೆ. ಸ್ಮರಣ ಸಂಚಿಕೆ ತರುತ್ತಾರಂತೆ. ಮಹಿಳಾ ವಿದ್ಯಾಪೀಠದ ಮೊದಲ ಬಾಸ್ಕೆಟ್‌ಬಾಲ್ ತಂಡದ ಇತಿಹಾಸವನ್ನು ನಾನು ಬರೆದುಕೊಡಬೇಕಂತೆ. ಎಷ್ಟು ಪಂದ್ಯ ಆಡಿದಿರಿ, ಎಷ್ಟು ಗೆದ್ದಿರಿ, ತಂಡದ ಫೋಟೊ ಇದ್ದರೆ ಕಳಿಸಿ ಎಂದು ಕೇಳಿದ್ದಾರೆ. ಓದಿ ಮೈಯೆಲ್ಲ ಉರಿಯಿತು. ಇವರಿಗೇನು ಗೊತ್ತು! ನಾವು ಆಡಿದ ಪಂದ್ಯ ಒಂದೂ ಇಲ್ಲ. ಗೆದ್ದದ್ದೂ ಇಲ್ಲ, ಸೋತದ್ದೂ ಇಲ್ಲ. ಫೋಟೊ ಇದೆ. ಆದರೆ ಅದರಲ್ಲಿರುವುದು ನಾನೊಬ್ಬಳು, ಮತ್ತೆ ನನ್ನ ಭುಜದ ಮೇಲೆ ಇನ್ಯಾರದೋ ಒಂದು ಕೈ.

ಇನ್ಯಾರದೋ ಅಂತ ಬರೆದೆ ನೋಡಿ. ಇಷ್ಟು ವರ್ಷವಾದರೂ ಅಭ್ಯಾಸ ಹೋಗಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಸ್ವಲ್ಪ ಮೊದಲಿನ ಮಾತು. ನಾವು ಧಾರವಾಡದ ಕಡೆಯವರು. ಅಪ್ಪನಿಗೆ ಪುಣೆಯ ಸರಕಾರಿ ಕಚೇರಿಯಲ್ಲಿ ಕಾರಕೂನಿಕೆ. ಸದಾಶಿವ ಪೇಠೆಯ ವಾಡೆಯೊಂದರಲ್ಲಿ ಎರಡು ಖೋಲಿ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಮರಾಠಿ. ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾಗ ಮದ್ರಾಸಿನಲ್ಲಿ ತರಬೇತಿ ಮುಗಿಸಿದ ಹೊಸ ವ್ಯಾಯಾಮದ ಮಾಸ್ತರಿಣಿಯೊಬ್ಬರು ಬಂದರು. ಮರಾಠಿ ರೂಢಿಯಂತೆ ನಾವು ಅವರನ್ನು ಗೌರವದಿಂದ ಬಾಯಿ ಎಂದು ಕರೆಯುತ್ತಿದ್ದೆವು. ಬಂದ ವಾರದಲ್ಲೇ ಕಾಲೇಜಿನ ಹಿತ್ತಲಲ್ಲಿ ಎರಡು ಕಂಬ ನೆಡಿಸಿ, ಕಮ್ಮಾರನಿಂದ ಎರಡು ಕಬ್ಬಿಣದ ಬಳೆ ಮಾಡಿಸಿ ಅವಕ್ಕೆ ಜಡಿಸಿದರು. ಬಲೆ ಇರಲಿಲ್ಲ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ನಾವು ದಿನಾ ಜಗಳಾಡುತ್ತಿದ್ದೆವು.

ಆಗ ಹೆಂಗಸರ ಆಟಕ್ಕೆ ಬೇರೆಯದೇ ನಿಯಮ. ಅಂಗಳವನ್ನು ಸುಣ್ಣದ ಗೆರೆಯಿಂದ ಮೂರು ಪಾಲು ಮಾಡುತ್ತಿದ್ದರು. ಪಾಲಿಗೆ ಇಬ್ಬರಂತೆ ತಂಡಕ್ಕೆ ಆರು ಜನ, ಯಾರೂ ತಮ್ಮ ಪಾಲು ದಾಟುವ ಹಾಗಿಲ್ಲ. ಹೀಗಾಗಿ ಒಬ್ಬಳು ತಪ್ಪಿದರೂ ಆಟವೇ ನಿಂತಂತೆ. ನಾವಿದ್ದದ್ದು ಸರಿಯಾಗಿ ಆರು. ಏಳನೆಯವಳನ್ನು ಹುಡುಕಿ ಬಾಯಿ ಎಷ್ಟೋ ಮನೆಗಳ ಮೆಟ್ಟಿಲು ಹತ್ತಿಳಿದರು. ಗಂಡುಬೀರಿಯರ ಆಟಕ್ಕೆ ಮಗಳನ್ನು ಯಾರು ಕಳಿಸುತ್ತಾರೆ?

ನಮ್ಮ ಕ್ಯಾಪ್ಟನ್ ಭೋರ್ ಸಂಸ್ಥಾನದ ಹಳ್ಳಿಯವಳು. ಒಂಬತ್ತಕ್ಕೆ ಮದುವೆ, ಹನ್ನೊಂದಕ್ಕೆ ವೈಧವ್ಯ. ಸೋದರಮಾವ ತಂದು ಪುಣೆಯ ವಸತಿಗೃಹದಲ್ಲಿ ಬಿಟ್ಟಿದ್ದ. ಎತ್ತರದ ಹುಡುಗಿ, ನಗು ಜೋರು. ಚೆಂಡು ಅವಳ ಕೈ ಬಿಟ್ಟರೆ ಸೀದಾ ಬಳೆಯೊಳಗೇ. ಅದು ಅವಳ ಕೊನೆಯ ವರ್ಷ. ಪರೀಕ್ಷೆ ಮುಗಿದೊಡನೆ ಊರಿಗೆ ಮರಳಿ ಕನ್ಯಾಶಾಲೆಯಲ್ಲಿ ಕಲಿಸಬೇಕೆಂದು ಮಾವ ಗೊತ್ತುಮಾಡಿಯಾಗಿತ್ತು. "ಅಗ ಹುಡುಗಿ, ಒಂದೇ ಒಂದು ನಿಜವಾದ ಪಂದ್ಯ ಆಡಬೇಕು," ಎಂದು ಮರಾಠಿಯಲ್ಲಿ ದಿನಾ ಜಪ ಮಾಡುತ್ತಿದ್ದಳು. "ಆಮೇಲೆ ಸಾಯುವವರೆಗೂ ಮಕ್ಕಳಿಗೆ ಬಾರಾಖಡಿ, ಕಾಗುಣಿತ ಕಲಿಸುತ್ತೇನೆ, ಬೇಡ ಅಂದವರು ಯಾರು?"

ಆಟಕ್ಕೆ ಇಳಿಯುವ ಮೊದಲು ಗಾಜಿನ ಬಳೆ ತೆಗೆದಿಡಬೇಕಿತ್ತು, ಒಡೆದು ಯಾರಿಗಾದರೂ ಚುಚ್ಚೀತೆಂದು. ಐವರ ಬಳೆ ಒಂದು ವಸ್ತ್ರದಲ್ಲಿ ಗಂಟು ಕಟ್ಟಿ ಕಲ್ಲಿನ ಮೇಲೆ ಇಡುತ್ತಿದ್ದೆವು. ಆ ಒಂದು ತಾಸು ಆರೂ ಜನರ ಕೈ ಒಂದೇ ಥರ. ಆಟ ಮುಗಿದು ನಾವು ಬಳೆ ಏರಿಸಿಕೊಳ್ಳುವಾಗ ಅವಳು ಬೆನ್ನು ತಿರುಗಿಸಿ ಕೂತು ಚೆಂಡು ಒರೆಸುತ್ತಿದ್ದಳು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಳು.

ಬಾಯಿ ಮುಂಬಯಿಯ ಒಂದು ಕಾಲೇಜಿಗೆ ಎಷ್ಟೋ ಕಾಗದ ಬರೆದ ಮೇಲೆ ಅಲ್ಲಿಯ ಹುಡುಗಿಯರು ನಮ್ಮ ಅಂಗಳಕ್ಕೇ ಬಂದು ಆಡಲು ಒಪ್ಪಿದರು. ಮಾಘ ಮಾಸದ ಒಂದು ರವಿವಾರ. ಸುದ್ದಿ ಕೇಳಿ ಕ್ಯಾಪ್ಟನ್ ಕಂಬ ತಬ್ಬಿಕೊಂಡು ಅತ್ತಳು. ಅದೇ ಖುಷಿಯಲ್ಲಿ ಬಾಯಿ ನಮ್ಮ ಫೋಟೊ ತೆಗೆಸಿದರು. ನಾನು ಮುಂದೆ ಕುರ್ಚಿಯಲ್ಲಿ, ಅವಳು ಹಿಂದೆ ನಿಂತು ನನ್ನ ಭುಜದ ಮೇಲೆ ಕೈಯಿಟ್ಟಿದ್ದಳು. ಫೋಟೊಗೆಂದು ನಾವೈವರು ಬಳೆ ತೊಟ್ಟಿದ್ದೆವು.

ಪಂದ್ಯ ನೋಡಲು ಗಂಡಸರೂ ಬರುವವರಿದ್ದರು. ಆದ್ದರಿಂದ ಪ್ರತಿಯೊಬ್ಬಳ ಮನೆಯಿಂದಲೂ ಒಪ್ಪಿಗೆ ಚೀಟಿ ಬೇಕಾಗಿತ್ತು. ಐವರದು ಬಂತು. ನನ್ನದೇ ಉಳಿಯಿತು. ಅಪ್ಪ "ನಿಮ್ಮವ್ವನ್ನ ಕೇಳು" ಅಂದರು. ಅವ್ವ "ನಾಲ್ಕು ಮಂದಿ ಗಂಡಸರ ಮುಂದ ಕಚ್ಚಿ ಹಾಕ್ಕೊಂಡು ಜಿಗೀತೀಯೇನು? ಬ್ಯಾಡಂದ್ರ ಬ್ಯಾಡ" ಅಂದಳು. ನಾನೋ ಮಹಾ ಜಾಣೆ! ಅವಳ ಮನಸ್ಸು ಕರಗಲಿ ಎಂದು ಫೋಟೊ ತಂದು ತೋರಿಸಿದೆ.

"ಅಯ್ಯ, ಇಲ್ನೋಡ್ರಿ! ನಮ್ಮ ಹುಡುಗಿ ಭಾಳ ಛಂದ ಬಂದಾಳ!" ಅಂತ ಅಪ್ಪನನ್ನು ಕೂಗಿದಳು.

"ಹಂಗಾರ ಚೀಟಿಗೆ ಸಹಿ ಹಾಕಸ್ತೀಯವ್ವಾ?"

"ಹಾಕಸ್ತೇನೇಳು ಹುಚ್ಚಿ."

ಸಹಿ ಬಿತ್ತು. ಚೀಟಿ ಹಿಡಿದು ಓಡಿದೆ. ಕ್ಯಾಪ್ಟನ್ ನನ್ನನ್ನು ಎತ್ತಿ ಗಿರಗಿರ ತಿರುಗಿಸಿದಳು. ನಾಲ್ಕು ದಿನದ ಮೇಲೆ ಫೋಟೊ ಹುಡುಕಿದರೆ ಇಲ್ಲ. ಅವ್ವ ಕತ್ತರಿಯಿಂದ ನನ್ನಷ್ಟನ್ನು ಕತ್ತರಿಸಿ, ಜಾತಕದ ಜೊತೆಗೆ ಬೆಳಗಾವಿಗೆ ಟಪಾಲು ಹಾಕಿದ್ದಳು. ಉಳಿದ ಐವರು ಬಚ್ಚಲ ಒಲೆಗೆ ಹೋಗಿದ್ದರು. ಕಾಲೇಜಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂದು ಫೋಟೊದಿಂದ ಏನು ಮಹಾ ಆದೀತು ಅಂದುಕೊಂಡಿದ್ದೆ.

ಹದಿನೈದು ದಿನಕ್ಕೆ ಬೆಳಗಾವಿಯವರು ಕನ್ಯೆ ನೋಡಲು ಬಂದೇಬಿಟ್ಟರು. ಹುಡುಗನ ತಾಯಿ ಅವಲಕ್ಕಿಯ ತಾಟು ಪಕ್ಕಕ್ಕೆ ಸರಿಸಿ, ಚೀಲದಿಂದ ಅದೇ ತುಂಡು ಫೋಟೊ ತೆಗೆದರು. ಭುಜ ಉಳಿಸಬೇಕೆಂದು ಅವ್ವ ಕೈಯನ್ನೂ ಉಳಿಸಿದ್ದಳು. ಮಣಿಕಟ್ಟಿನಿಂದ ಬೆರಳಿನವರೆಗೆ ಒಂದು ಕೈ, ಅಷ್ಟೇ.

"ಇದು ಬರಿಗೈ ಅದಲ್ರಿ. ಯಾರದು?" ಎಂದು ಕೇಳಿದರು.

ಅಪ್ಪ ಗಡಬಡಿಸಿ, "ಆಡೋವಾಗ ಎಲ್ಲಾರೂ ಬಳಿ ತಗೀತಾರ್ರಿ," ಅಂದರು.

"ಮತ್ತ ನಿಮ್ಮ ಹುಡುಗಿ ಕೈಯಾಗ ಅವಲ್ಲ?" ಎಂದವರೇ ನನ್ನ ಕಡೆ ತಿರುಗಿದರು. "ನೀನಽ ಹೇಳು ತಂಗಿ."

ಈಗಲೂ ಆ ಗಳಿಗೆ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನನ್ನ ಗೆಳತಿಯ ಕೈ, ಅವಳು ಬಾಲವಿಧವೆ ಎಂದು ಹೇಳಿದ್ದರೆ ಅವರು ಆಗಲೇ ಎದ್ದು ಹೋಗುತ್ತಿದ್ದರು. ಸಂಬಂಧ ಮುರಿಯುತ್ತಿತ್ತು. ಮಾಘದ ರವಿವಾರ ನಾವು ಆರೂ ಜನ ಅಂಗಳದಲ್ಲಿ ಇರುತ್ತಿದ್ದೆವು. ಇದೆಲ್ಲ ನನಗೆ ಆಗಲೇ, ಚಾಪೆಯ ಮೇಲೆ ಕೂತಾಗಲೇ, ಸ್ಪಷ್ಟವಾಗಿ ಹೊಳೆದಿತ್ತು. ಹೊಳೆಯಲಿಲ್ಲ ಎಂದು ಸುಳ್ಳು ಹೇಳಲಾರೆ. ಅಪ್ಪನ ಮುಖ ನೋಡಿದೆ. ಹಣೆಯೆಲ್ಲ ಬೆವರು. ಬಾಗಿಲ ಸಂದಿಯಲ್ಲಿ ಅವ್ವ ಎರಡೂ ಕೈ ಜೋಡಿಸಿ ನಿಂತಿದ್ದಳು.

"ನಮ್ಮ ಕಾಲೇಜಿನ ಆಯಾಂದ್ರಿ," ಅಂದೆ. "ನನ್ನ ಸೆರಗು ಸರಿಮಾಡ್ಲಿಕ್ಕೆ ಬಂದಿದ್ಲು. ಅಷ್ಟ್ರಾಗ ಫೋಟೊ ತಗದುಬಿಟ್ರು."

ಎಲ್ಲರೂ ನಕ್ಕರು. ಹುಡುಗನ ತಾಯಿ ಅವಲಕ್ಕಿ ಹತ್ತಿರ ಎಳೆದುಕೊಂಡರು.

ಮುಂದೆ ಮೂರು ತಿಂಗಳು ಮುಹೂರ್ತವಿಲ್ಲವೆಂದು ಪಂದ್ಯಕ್ಕೆ ಮೂರೇ ದಿನ ಮೊದಲಿನ ಗುರುವಾರಕ್ಕೆ ಲಗ್ನ ಗೊತ್ತಾಯಿತು; ರವಿವಾರ ನಾನು ಬೆಳಗಾವಿಯಲ್ಲಿರಬೇಕು. ಊಟ ಬಿಟ್ಟೆ, ಅಳುತ್ತ ಅಪ್ಪನ ಕಾಲು ಹಿಡಿದೆ. "ಆಟ ಎಲ್ಲಿಗೆ ಹೋಗ್ತದ? ಇಂಥಾ ಮನಿತನ ಮತ್ತ ಬರ್ತದೇನು?" ಅಂದರು. ಬಾಯಿ ಮನೆಗೆ ಬಂದು ಅಂಗಲಾಚಿದರು. ಅವರಿಗೆ ಚಹಾ ಕೊಟ್ಟು ಕಳಿಸಿದರು. ಐವರಿಂದ ಮೂರು ಪಾಲು ತುಂಬುವುದಿಲ್ಲ. ಪಂದ್ಯವಿಲ್ಲವೆಂದು ಬಾಯಿ ಮುಂಬಯಿಗೆ ತಾರು ಹೊಡೆದರು. ಮರುವರ್ಷ ಇನ್ನಿಬ್ಬರ ಮದುವೆಯಾಯಿತು, ಬಾಯಿಯೂ ಬೇರೆ ಕಡೆ ಹೋದರು. ಯುದ್ಧದ ಕಾಲದಲ್ಲಿ ಹಳೆ ಕಬ್ಬಿಣ ಕೂಡಿಸುವವರು ಕಂಬದ ಬಳೆಗಳನ್ನೂ ಒಯ್ದರಂತೆ. ಇದೇ ನಮ್ಮ ತಂಡದ ಇತಿಹಾಸ. ಬೇಕಾದರೆ ಅಚ್ಚು ಹಾಕಿಕೊಳ್ಳಲಿ.

ಬೆಳಗಾವಿಯಲ್ಲಿ ನನ್ನ ಅತ್ತೆ ಆ ತುಂಡಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದರು. ಬಂದವರು ಕೇಳಿದಾಗಲೆಲ್ಲ "ಕಾಲೇಜಿನ ಆಯಾನ ಕೈ ಅದು" ಎಂದು ನಗುತ್ತಿದ್ದರು. ನಾನು ಚಹಾ ತಂದಿಡುತ್ತಿದ್ದೆ. ಅಲ್ಲ ಎಂದು ಒಮ್ಮೆಯೂ ಅನ್ನಲಿಲ್ಲ.

ನಮ್ಮ ಕ್ಯಾಪ್ಟನ್‌ಳನ್ನು ಕೊನೆಯ ಸಲ ನೋಡಿದ್ದು ಲಗ್ನಪತ್ರಿಕೆ ಕೊಡಲು ಕಾಲೇಜಿಗೆ ಹೋದ ದಿನ. ಅವ್ವ ನನ್ನೊಂದಿಗೆ ಬಂದು ಗೇಟಿನ ಹತ್ತಿರ ನಿಂತಿದ್ದಳು. ಕ್ಯಾಪ್ಟನ್ ಹಿತ್ತಲ ಅಂಗಳದಲ್ಲಿ ಒಬ್ಬಳೇ ಚೆಂಡು ಹಾಕುತ್ತಿದ್ದಳು. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಪತ್ರಿಕೆ ಓದಿ, ಮಡಿಚಿ, "ನಾನು ಬರುವ ಹಾಗಿಲ್ಲ, ನಿನಗೇ ಗೊತ್ತಲ್ಲ," ಅಂದಳು. ಆಮೇಲೆ ದನಿ ತಗ್ಗಿಸಿದಳು.

"ಅಗ, ಒಂದು ಮಾತು. ಆ ಫೋಟೊದಲ್ಲಿ ನನ್ನ ಕೈ ನಿನ್ನ ಭುಜದ ಮೇಲಿತ್ತಲ್ಲ. ಹುಡುಗನ ಕಡೆಯವರು ಏನಾದರೂ ಅಂದರಾ? ನನ್ನಿಂದ ನಿನಗೇನೂ ಕೆಡುಕಾಗಲಿಲ್ಲ ತಾನೇ? ನೋಡಲು ಬರುತ್ತಾರೆ ಅಂದ ದಿನದಿಂದ ನನಗೆ ಅದೇ ಚಿಂತೆ. ಪಂದ್ಯ ಹೋದರೆ ಹೋಗಲಿ."

"ಇಲ್ಲ," ಅಂದೆ. "ಯಾರೂ ಕೇಳಲೇ ಇಲ್ಲ."

"ಸುಟಲೆ ಗ, ಬದುಕಿದೆ," ಎಂದು ದೊಡ್ಡದಾಗಿ ಉಸಿರು ಬಿಟ್ಟಳು. ಮುಖವೆಲ್ಲ ಹಗುರಾಗಿ, ನಕ್ಕು, ನನ್ನ ಭುಜದ ಮೇಲೆ ಕೈ ಇಟ್ಟಳು.

ಅವ್ವ ಗೇಟಿನಿಂದ ನೋಡುತ್ತಿದ್ದಳು. ನಾನು ಭುಜ ಸರಿಸಿಕೊಂಡೆ.